ಪ್ಲಾಸ್ಟಿಕ್ ಅಂಟಿದ ಕಟ್ಟಿಗೆಗೆ ಒಂದು ಹಿಡಿ ಸುಣ್ಣ ಹಾಕಿದರೆ ವಿಷ ಹೋಗಿ ಡೀಸೆಲ್ ಬರುತ್ತದೆಯೇ?

“ಹಳೇ ಪ್ಲೈವುಡ್, ಸನ್‌ಮೈಕಾ ಚೂರು, ಪ್ಲಾಸ್ಟಿಕ್ ಎಲ್ಲವನ್ನೂ ಡ್ರಮ್ಮಿಗೆ ತುಂಬಿ, ಒಂದು ಹಿಡಿ ಸುಣ್ಣ ಅಥವಾ ಉಪ್ಪು ಹಾಕಿ ಕಾಯಿಸಿ. ವಿಷದ ಹೊಗೆ ಬರುವುದಿಲ್ಲ, ಡೀಸೆಲ್ ಸಿಗುತ್ತದೆ.” ಈ ಅರ್ಥದ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆ ಬಡಗಿಯ ಅಂಗಡಿಯ ಚೂರು ನೀರೊಲೆಗೆ ಹೋಗುವುದು ಹೊಸದೇನಲ್ಲ. ಆದ್ದರಿಂದ ಇದನ್ನು ಪರಿಶೀಲಿಸಲೇಬೇಕು. ನಮ್ಮ ಉತ್ತರ: ಇದು ಅರ್ಧ ಸತ್ಯ, ಆ ಉಳಿದರ್ಧವೇ ಅಪಾಯ.

ಪೈರೋಲಿಸಿಸ್ ಎಂದರೇನು?

ಗಾಳಿ ತಾಗದಂತೆ ಕಟ್ಟಿಗೆಯನ್ನು ಸುಮಾರು 400ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆದುಹೋಗುತ್ತದೆ. ಇದ್ದಿಲು ಉಳಿಯುತ್ತದೆ, ಹಬೆ ತಣಿದು ಕಪ್ಪು ದ್ರವವಾಗುತ್ತದೆ, ತಣಿಯದ ಅನಿಲ ಹೊರಬರುತ್ತದೆ. ಇದು ನಮಗೆ ಹೊಸ ವಿದ್ಯೆಯಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತಿತ್ತು. ಅಲ್ಲಿನ ಕಟ್ಟಿಗೆ ಬಟ್ಟಿ ಘಟಕದಲ್ಲಿ ಇದ್ದಿಲಿನ ಜೊತೆಗೆ ಮೆಥನಾಲ್, ಟಾರು, ಕ್ಯಾಲ್ಸಿಯಂ ಅಸಿಟೇಟ್ ಸಹ ತಯಾರಾಗುತ್ತಿದ್ದವು. ಆದರೆ ಅದು ಕಾಡಿನ ಶುದ್ಧ ಕಟ್ಟಿಗೆ. ಇಂದಿನ ಚೂರಿನಲ್ಲಿ ಇರುವುದೇ ಬೇರೆ.

ಪ್ಲಾಸ್ಟಿಕ್ ಸೇರಿದರೆ ಏನಾಗುತ್ತದೆ?

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಪಾಲಿಥೀನ್‌ನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಮುಚ್ಚಿದ ಯಂತ್ರದಲ್ಲಿ ಈ ಜಲಜನಕ ಕಟ್ಟಿಗೆಯ ಎಣ್ಣೆಯ ಗುಣಮಟ್ಟವನ್ನು ಸುಧಾರಿಸಲೂಬಹುದು. ಸಂದೇಶದಲ್ಲಿನ ಸತ್ಯದ ಭಾಗ ಇದು.

ಪ್ಲೈವುಡ್ ಅಂಚಿಗೆ ಅಂಟಿಸುವ ಪಟ್ಟಿ ಹೆಚ್ಚಾಗಿ ಪಿವಿಸಿ. ಅದರ ತೂಕದಲ್ಲಿ ಸುಮಾರು 57 ಭಾಗ ಕ್ಲೋರಿನ್. ಸುಮಾರು 250 ಡಿಗ್ರಿ ದಾಟಿದರೆ ಅದು ಹೈಡ್ರೋಜನ್ ಕ್ಲೋರೈಡ್ ಆಗಿ ಬಿಡುಗಡೆಯಾಗುತ್ತದೆ. ಕಣ್ಣು, ಗಂಟಲು ಉರಿಸುವ ಆಮ್ಲದ ಹೊಗೆ ಇದು. ಅರೆಬರೆ ಉರಿದಾಗ ಇದೇ ಕ್ಲೋರಿನ್‌ನಿಂದ ಡಯಾಕ್ಸಿನ್ ಎಂಬ, ಕೊಬ್ಬಿನಲ್ಲಿ ಕೂಡಿಕೊಳ್ಳುವ ವಿಷ ಹುಟ್ಟಬಹುದು. ಸನ್‌ಮೈಕಾದ ಮೆಲಮಿನ್ ಮತ್ತು ಪ್ಲೈವುಡ್‌ನ ಯೂರಿಯಾ ಅಂಟು ಸಾರಜನಕದ ವಿಷಾನಿಲ ಕೊಡುತ್ತವೆ. ಹಳೆಯ ಪಿವಿಸಿ, ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಅದು ಸುಟ್ಟರೂ ನಾಶವಾಗುವುದಿಲ್ಲ, ಬೂದಿಯಲ್ಲಿ ಉಳಿಯುತ್ತದೆ, ಹೊಗೆಯಲ್ಲೂ ಸೇರಬಹುದು.

ರಾಸಾಯನಿಕ ಸೇರಿಸಿದರೆ ಏನು ಪ್ರಯೋಜನ?

ಕಾರ್ಖಾನೆ ಮತ್ತು ಪ್ರಯೋಗಾಲಯಗಳಲ್ಲಿ ಮೂರು ಬಗೆಯ ವಸ್ತು ಬಳಸುತ್ತಾರೆ.

• ಸುಣ್ಣ: ಆಮ್ಲವನ್ನು ಹಿಡಿದು ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಕಟ್ಟಿಹಾಕುತ್ತದೆ.
• ಜಿಯೋಲೈಟ್: ಹಬೆಯಲ್ಲಿನ ಆಮ್ಲಜನಕ ತೆಗೆದು ಎಣ್ಣೆಯನ್ನು ಇಂಧನದ ಹತ್ತಿರ ತರುತ್ತದೆ.
• ಪೊಟ್ಯಾಸಿಯಂ ಲವಣಗಳು: ಎಣ್ಣೆ ಕಡಿಮೆ ಮಾಡಿ ಇದ್ದಿಲು, ಅನಿಲ ಹೆಚ್ಚಿಸುತ್ತವೆ.

ಅಡುಗೆ ಉಪ್ಪು ಈ ಪಟ್ಟಿಯಲ್ಲಿಲ್ಲ. ಅದರಲ್ಲೇ ಕ್ಲೋರಿನ್ ಇದೆ. ಉಪ್ಪು ಹಾಕುವುದೆಂದರೆ ಡಯಾಕ್ಸಿನ್‌ಗೆ ಬೇಕಾದ ಸರಕನ್ನು ನಾವೇ ಒದಗಿಸಿದಂತೆ.

ಒಂದು ಹಿಡಿ ಸುಣ್ಣ ಸಾಕೇ?

ಲೆಕ್ಕ ಹಾಕೋಣ. 1 ಕಿಲೋ ಪಿವಿಸಿಯಿಂದ ಸುಮಾರು 580 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಬರಬಹುದು. ಅದನ್ನು ಹಿಡಿಯಲು ಕಾಗದದ ಲೆಕ್ಕದಲ್ಲೇ ಸುಮಾರು 590 ಗ್ರಾಂ ಅರಳಿದ ಸುಣ್ಣ ಬೇಕು. ಡ್ರಮ್ಮಿನಲ್ಲಿ ಇದೂ ಸಾಲದು. ಕಟ್ಟಿಗೆ ಕಾದಾಗ ಅದರಿಂದಲೇ ವಿನೆಗರ್ ಬಗೆಯ ಅಸಿಟಿಕ್ ಆಮ್ಲ ಬರುತ್ತದೆ. ಭದ್ರಾವತಿಯ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತಿದ್ದುದು ಈ ಆಮ್ಲ ಮತ್ತು ಸುಣ್ಣದಿಂದಲೇ. ಹಾಗಾಗಿ ಹಾಕಿದ ಸುಣ್ಣದ ಒಂದು ಪಾಲನ್ನು ಕಟ್ಟಿಗೆಯೇ ತಿಂದುಹಾಕುತ್ತದೆ. ಸೀಸದಂಥ ಲೋಹವನ್ನು ಸುಣ್ಣ ನಾಶ ಮಾಡುವುದಿಲ್ಲ.

ಬಂದ ದ್ರವ ಡೀಸೆಲ್ಲೇ?

ಅಲ್ಲ. ಕಟ್ಟಿಗೆಯ ಪೈರೋಲಿಸಿಸ್ ಎಣ್ಣೆಯಲ್ಲಿ ಸಾಮಾನ್ಯವಾಗಿ 15ರಿಂದ 30 ಭಾಗ ನೀರಿರುತ್ತದೆ. ಅದರ ಪಿಎಚ್ 2ರಿಂದ 3. ಲೋಹ ತಿನ್ನುವಷ್ಟು ಹುಳಿ. ಶಾಖವೂ ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ. ಪ್ಲಾಸ್ಟಿಕ್ ಸೇರಿದರೆ ಶಾಖ ಹೆಚ್ಚಬಹುದು, ಆದರೆ ಕ್ಲೋರಿನ್ ಉಳಿದಿದ್ದರೆ ಎಂಜಿನ್ ಕೆಡುತ್ತದೆ. ಶುದ್ಧೀಕರಿಸದೆ ಪಂಪ್‌ಸೆಟ್‌ಗಾಗಲಿ ಟ್ರ್ಯಾಕ್ಟರಿಗಾಗಲಿ ಹಾಕುವಂಥದ್ದಲ್ಲ.

ಇನ್ನು ಡ್ರಮ್ಮಿನ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆ ಇಲ್ಲ, ಪ್ರಾಣ ತೆಗೆಯುತ್ತದೆ. ಕಾದ ಡ್ರಮ್ಮಿನೊಳಗೆ ಗಾಳಿ ನುಗ್ಗಿದರೆ ಸ್ಫೋಟವಾಗಬಹುದು. ಯುರೋಪಿನಲ್ಲಿ ತ್ಯಾಜ್ಯ ಸುಡುವ ಘಟಕಗಳು ಅನಿಲವನ್ನು ಕನಿಷ್ಠ 850 ಡಿಗ್ರಿಯಲ್ಲಿ 2 ಸೆಕೆಂಡ್ ಇಡಬೇಕೆಂಬ ನಿಯಮವಿದೆ. ಕ್ಲೋರಿನ್‌ನಂಥವು ಹೆಚ್ಚಿರುವ ಅಪಾಯಕಾರಿ ತ್ಯಾಜ್ಯಕ್ಕೆ 1,100 ಡಿಗ್ರಿ. ಹಿತ್ತಲಿನ ಡ್ರಮ್ಮಿನಲ್ಲಿ ಇದು ಆಗುವ ಮಾತಲ್ಲ.

ಹಾಗಾದರೆ ಏನು ಮಾಡಬೇಕು?

• ಬಡಗಿಯ ಅಂಗಡಿಯಿಂದ ತರುವಾಗ ಬರೀ ಕಟ್ಟಿಗೆಯನ್ನೇ ಬೇರೆ ಮಾಡಿ ಕೇಳಿ. ಸನ್‌ಮೈಕಾ, ಪ್ಲೈವುಡ್, ಬಣ್ಣ ಬಳಿದದ್ದು, ಅಂಚುಪಟ್ಟಿ ಇರುವ ಚೂರು ನೀರೊಲೆಗೂ ಬೇಡ, ಅಡುಗೆ ಒಲೆಗೂ ಬೇಡ. ಒಲೆಯ ಮುಂದೆ ಕೂರುವವರಿಗೂ ಪಕ್ಕದಲ್ಲಿ ಆಡುವ ಮಕ್ಕಳಿಗೂ ಮೊದಲು ಹೊಗೆ ತಾಗುತ್ತದೆ.
• ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಬಳಸಬೇಡಿ.
• ಇಂಥ ಚೂರು ಸುಟ್ಟ ಬೂದಿಯನ್ನು ಪಾತ್ರೆ ತಿಕ್ಕಲು, ಮೆಣಸಿನಕಾಯಿ ಹೊಲಕ್ಕೆ ಅಥವಾ ಕೈತೋಟಕ್ಕೆ ಬಳಸಬೇಡಿ.
• ಚೂರನ್ನು ಒಣ ಕಸವಾಗಿ ಬೇರ್ಪಡಿಸಿ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಗಾಡಿಗೆ ಕೊಡಿ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿದೆ. ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ.

ತೀರ್ಮಾನ

ಸುಣ್ಣ ಕ್ಲೋರಿನ್ ಆಮ್ಲವನ್ನು ಹಿಡಿಯುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಮುಚ್ಚಿದ ಯಂತ್ರ, ಅಳತೆಯ ಸುಣ್ಣ, ಅನಿಲ ಶುದ್ಧೀಕರಣ ಮತ್ತು ಬೂದಿಯ ಪರೀಕ್ಷೆ ಬೇಕು. ಒಂದು ಹಿಡಿ ಸುಣ್ಣದಿಂದ ವಿಷ ಹೋಗುತ್ತದೆ, ಡೀಸೆಲ್ ಬರುತ್ತದೆ ಎಂಬುದು ಸುಳ್ಳು. ಉಪ್ಪು ಹಾಕಿ ಎಂಬುದಂತೂ ಅಪಾಯಕಾರಿ ಸಲಹೆ. ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೆಕ್ಕವನ್ನು ತಿಳಿಸಿ.