ಹಿಂದೆ ಸರಿಯುವ ಕಾರಿಗೊಂದು ಕಣ್ಣು

ಗೇಟಿನೊಳಗೆ ನಿಲ್ಲಿಸಿದ ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸುವುದನ್ನು ನೀವೆಲ್ಲ ನೋಡಿದ್ದೀರಿ. ಚಾಲಕ ಕತ್ತು ತಿರುಗಿಸಿ ಕುಳಿತಿರುತ್ತಾನೆ. ಹಿಂದೆ ನಿಂತವರೊಬ್ಬರು "ಬರಲಿ, ಬರಲಿ" ಎಂದು ಕೈಯಾಡಿಸುತ್ತಿರುತ್ತಾರೆ. ಈ ಪುಟ್ಟ ಕೆಲಸಕ್ಕಾಗಿ ಮಾನವ ಹೂಡಿದ ಉಪಾಯಗಳ ಇತಿಹಾಸ ಬಹು ಸ್ವಾರಸ್ಯಕರ.

ಮೊದಲ ಸಾಧನ ಕನ್ನಡಿ. ಮೋಟಾರು ಪಂದ್ಯಗಳಲ್ಲಿ ಹೆಸರಾಗಿದ್ದ ಇಂಗ್ಲೆಂಡಿನ ಡೊರೊಥಿ ಲೆವಿಟ್ 1909ರಲ್ಲಿ ಮಹಿಳಾ ಚಾಲಕರಿಗಾಗಿ ಒಂದು ಪುಸ್ತಕ ಬರೆದರು. ಪುಟ್ಟ ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಂಡು, ಅದನ್ನು ಎತ್ತಿ ಹಿಡಿದು ಹಿಂದಿನದನ್ನು ನೋಡಿರೆಂದು ಅದರಲ್ಲಿ ಸಲಹೆಯಿತ್ತರು. 1911ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಇತರ ಚಾಲಕರ ಪಕ್ಕದಲ್ಲಿ ಹಿಂದುಮುಂದು ಗಮನಿಸುವ ಮೆಕ್ಯಾನಿಕ್‌ ಕುಳಿತಿದ್ದರೆ, ರೇ ಹ್ಯಾರೂನ್ ಒಬ್ಬರೇ ಕುಳಿತು ಕಾರಿಗೆ ಕನ್ನಡಿ ಕಟ್ಟಿಕೊಂಡರು. ಗೆದ್ದವರೂ ಅವರೇ!

ಕ್ಯಾಲಿಫೋರ್ನಿಯಾದ ಬ್ರೂಕ್ಸ್ ವಾಕರ್ ಹುಡುಕಿದ್ದು ಬೇರೆಯೇ ದಾರಿ. ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿರುವ ಸ್ಟೆಪ್ನಿಯನ್ನೇ ಅವರು ಐದನೆಯ ಚಕ್ರವಾಗಿಸಿದರು. ಅಡ್ಡಡ್ಡಲಾಗಿ ಕೆಳಗಿಳಿಯುವ ಈ ಚಕ್ರ ಕಾರಿನ ಹಿಂಭಾಗವನ್ನೇ ನೆಲದಿಂದ ಎತ್ತಿ, ಉರುಳತೊಡಗುತ್ತಿತ್ತು. ಕಾರು ಮುಂದಿನ ಚಕ್ರಗಳ ಆಸರೆಯಲ್ಲಿ ಕೈವಾರದಂತೆ ತಿರುಗುತ್ತಿತ್ತು. ಜಾಗವಿದ್ದರೆ ಅಂಗಳದಲ್ಲೇ ಕಾರನ್ನು ತಿರುಗಿಸಿ, ಹಿಂದೆ ಸರಿಯುವ ಗೊಡವೆಯಿಲ್ಲದೆ ಹೊರಡಬಹುದಿತ್ತು. 1950ರ ದಶಕದ ಪ್ರದರ್ಶನಗಳಲ್ಲಿ ಜನ ಬೆರಗಾದರೂ, ಯಾವ ಕಾರ್ಖಾನೆಯೂ ಇದನ್ನು ಒಪ್ಪಿ ತಯಾರಿಕೆಗೆ ತೆಗೆದುಕೊಳ್ಳಲಿಲ್ಲ. ಯಂತ್ರವೇ ಡಿಕ್ಕಿಯನ್ನು ತುಂಬಿದರೆ ಸಾಮಾನು ಇಡುವುದೆಲ್ಲಿ?

ಟೆಲಿವಿಷನ್ ನಿರ್ಮಾಪಕನಾದ ನನಗೆ ಮೆಚ್ಚುಗೆಯಾಗುವುದು 1956ರ ಬ್ಯೂಯಿಕ್ ಸೆಂಚೂರಿಯನ್. ಜನರಲ್ ಮೋಟಾರ್ಸ್ ಪ್ರದರ್ಶನಕ್ಕೆಂದು ರೂಪಿಸಿದ ಈ ಕಾರಿನಲ್ಲಿ ಕನ್ನಡಿಯ ಬದಲು ಹಿಂಭಾಗದಲ್ಲೊಂದು ಟಿ.ವಿ. ಕ್ಯಾಮೆರಾ, ಚಾಲಕನ ಮುಂದೊಂದು ಪರದೆ! ಅಂದಿನ ಕ್ಯಾಮೆರಾಗಳು ನಿರ್ವಾತ ನಳಿಕೆಯವು, ದೊಡ್ಡವು, ದುಬಾರಿಯವು. ಕಲ್ಪನೆ ಸರಿಯಿತ್ತು, ಕಾಲ ಕೂಡಿಬಂದಿರಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಸಿ.ಸಿ.ಡಿ. ಎಂಬ ಬೆಳಕು ಹಿಡಿಯುವ ಚಿಪ್ಪನ್ನು ಕಂಡುಹಿಡಿದ ಮೇಲೆ ಕ್ಯಾಮೆರಾ ಕಿರಿದಾಯಿತು. 1991ರಲ್ಲಿ ಜಪಾನಿನ ಟೊಯೋಟಾ ಸೋರರ್ ಕಾರಿನಲ್ಲಿ ಅದು ಮಾರಾಟಕ್ಕೇ ಬಂತು. ಒಂದು ಮಾತು ಗಮನಿಸಿ: ಇಂಥ ಕ್ಯಾಮೆರಾದ ಚಿತ್ರವನ್ನು ಬೇಕೆಂದೇ ಎಡಬಲ ಅದಲುಬದಲು ಮಾಡಿ, ಕನ್ನಡಿಯಲ್ಲಿ ಕಂಡಂತೆಯೇ ತೋರಿಸುತ್ತಾರೆ. ಇಲ್ಲವಾದರೆ ಚಾಲಕ ಸ್ಟಿಯರಿಂಗನ್ನು ತಪ್ಪು ದಿಕ್ಕಿಗೆ ತಿರುಗಿಸಿಯಾನು.

ಇದೆಲ್ಲ ಬರೀ ಶ್ರೀಮಂತರ ಆಟಿಕೆಯೇ? ಅಲ್ಲ. ಹಿಂದಿನ ಗಾಜಿನ ಅಂಚಿನ ಕೆಳಗಿರುವುದು ಯಾವ ಕನ್ನಡಿಗೂ ಕಾಣದು. ಪುಟ್ಟ ಮಗುವಿನ ಎತ್ತರವೂ ಅಷ್ಟೇ. ಹಿಂದೆ ಸರಿಯುವ ವಾಹನಗಳಿಂದ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಿದ್ದಾರೆಂದು ಅಲ್ಲಿನ ಸರ್ಕಾರ 2014ರಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ನೂರಕ್ಕೆ 31 ಮಂದಿ 5 ವರ್ಷದೊಳಗಿನ ಮಕ್ಕಳು. 2008ರಲ್ಲಿ ಬಂದ ಕಾಯ್ದೆಗೆ, ಮನೆಯಂಗಳದಲ್ಲೇ ಹೀಗೆ ತೀರಿಕೊಂಡ 2 ವರ್ಷದ ಬಾಲಕನ ಹೆಸರನ್ನಿಟ್ಟಿದ್ದಾರೆ. ಅದರ ಫಲವಾಗಿ 2018ರ ಮೇ ತಿಂಗಳಿನಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ. ಬಾವಲಿಯಂತೆ ಇದು ಶ್ರವಣಾತೀತ ಶಬ್ದವನ್ನು ಬಿಟ್ಟು, ಪ್ರತಿಧ್ವನಿಗೆ ಕಾಯುತ್ತದೆ. 1 ಮೀಟರ್ ದೂರದ ವಸ್ತುವಿನಿಂದ ಪ್ರತಿಧ್ವನಿ ಸುಮಾರು 6 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಶಬ್ದದ ವೇಗದಿಂದ ನೀವೇ ಲೆಕ್ಕ ಹಾಕಿ ನೋಡಿ.

ಯಂತ್ರ ಎಷ್ಟೇ ಜಾಣನಾಗಿರಲಿ, ಹೊರಡುವ ಮುನ್ನ ಕಾರಿನ ಹಿಂದೆ ಒಮ್ಮೆ ನಡೆದು ನೋಡುವುದಕ್ಕೆ ಖರ್ಚೇನೂ ಇಲ್ಲ. ನಾಳೆ ಮನೆಯವರು ಕಾರು ತೆಗೆಯುವಾಗ ಆ ಕೆಲಸ ನಿಮ್ಮದಾಗಲಿ.