ಫ್ಲಾಂಡರ್ಸಿನ ದೊಡ್ಡ ಮೊಲವೂ ನಮ್ಮ ಹೊಲದ ಮೊಲವೂ

ಕುರಿಮರಿಯಷ್ಟು ದೊಡ್ಡ ಮೊಲವೊಂದನ್ನು ತೋಳಿನಲ್ಲಿ ಎತ್ತಿ ಹಿಡಿದ ಮನುಷ್ಯನ ಚಿತ್ರವನ್ನು ನೀವು ನೋಡಿರಬಹುದು. ಹಿಂದೊಮ್ಮೆ ಅದನ್ನು ತರಗತಿಯಲ್ಲಿ ತೋರಿಸಿದಾಗ, ತಿರುಮಕೂಡಲಿನ ಕಡೆಯ ಹುಡುಗನೊಬ್ಬ, "ನಮ್ಮ ಹೊಲದ ಮೊಲಾನೂ ಚೆನ್ನಾಗಿ ಮೇಯಿಸಿದ್ರೆ ಹಿಂಗೇ ಆಯ್ತದಾ ಸಾರ್?" ಎಂದು ಕೇಳಿದ. ಆಗದೆ ಏನು, ಎಲ್ಲ ಒಂದೇ ಕುಲವಲ್ಲವೆ ಎಂದುಬಿಟ್ಟೆ.

ಚಿತ್ರದಲ್ಲಿದ್ದುದು 'ಫ್ಲೆಮಿಷ್ ಜೈಂಟ್' ಎಂಬ ತಳಿ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆ, ಗೆಂಟ್ ನಗರದ ಸುತ್ತಮುತ್ತ ಅದರ ತವರು. 16ನೆಯ ಶತಮಾನದಲ್ಲೇ ಇತ್ತೆಂದು ಹೇಳಿಕೆಯುಂಟು. ನಂಬತಕ್ಕ ದಾಖಲೆ ಸುಮಾರು 1860ರದು. ಅದರ ಲಕ್ಷಣಗಳನ್ನು ಬರೆದು ಗೊತ್ತುಪಡಿಸಿದ್ದು 1893ರಲ್ಲಿ. ಅದೇ ದಶಕದಲ್ಲಿ ಅಮೆರಿಕಕ್ಕೂ ಹೋಯಿತು. ಆರೇಳು ಕಿಲೋ ತೂಗುವುದು ಸಾಮಾನ್ಯ. ಇದರಲ್ಲಿ ಮೇವಿನ ಮಹಿಮೆಗಿಂತ ಆಯ್ಕೆಯ ಮಹಿಮೆ ದೊಡ್ಡದು: ಮಾಂಸಕ್ಕೂ ತುಪ್ಪಳಕ್ಕೂ ಸಾಕಿದವರು ತಲೆಮಾರು ತಲೆಮಾರಿಗೂ ದೊಡ್ಡ ಮರಿಯನ್ನೇ ತಳಿಗೆ ಉಳಿಸಿಕೊಂಡರು. ಅಷ್ಟು ಭಾರಕ್ಕೆ ತಂತಿಯ ಗೂಡಿನಲ್ಲಿ ಪಾದ ಹುಣ್ಣಾಗುತ್ತದೆ. ನಮ್ಮ ಚೈತ್ರದ ಬಿಸಿಲಂತೂ ಅದಕ್ಕೆ ಆಗದು.

ಈ ತಳಿಗೂ, ಪೇಟೆಯ ಗೂಡಿನ ಬಿಳಿ ಮೊಲಕ್ಕೂ ಮೂಲ ಸ್ಪೇನ್ ಕಡೆಯ ಪುಟ್ಟ ಬಿಲಮೊಲ. ಅದರ ಮರಿ ಕಣ್ಣು ಮುಚ್ಚಿಕೊಂಡು, ಬೋಳು ಮೈಯಲ್ಲಿ, ಬಿಲದೊಳಗೆ ಹುಟ್ಟುತ್ತದೆ. ನಂಜನಗೂಡಿನ ಹುರುಳಿ ಹೊಲದ ಬದುವಿನಿಂದ ಚಂಗನೆ ನೆಗೆಯುವ, ಕತ್ತಿನ ಹಿಂದೆ ಕರಿಮಚ್ಚೆಯುಳ್ಳ ಮೊಲವೇ ಬೇರೆ. ಅದು ಬಿಲ ತೋಡದು. ಮರಿ ಕಣ್ತೆರೆದು, ರೋಮ ಹೊದ್ದು, ಬಯಲಲ್ಲೇ ಹುಟ್ಟುತ್ತದೆ. ಇವೆರಡು ಕೂಡಿ ಸಂತಾನವಾಗದು. ಚಂದ್ರನನ್ನು ಶಶಾಂಕನೆಂದವರು ಕಂಡ ಮೊಲ, ಹಂಪೆಯಲ್ಲಿ ಬೇಟೆನಾಯಿಗಳನ್ನೇ ಅಟ್ಟಿತೆಂದು ಐತಿಹ್ಯ ಹೇಳುವ ಮೊಲ, ಈ ಬಯಲಿನದೇ. ಇಂಗ್ಲಿಷಿನವರು ಒಂದನ್ನು ಹೇರ್ ಎಂದೂ ಇನ್ನೊಂದನ್ನು ರ‍್ಯಾಬಿಟ್ ಎಂದೂ ಕರೆದರು. ನಾವು ಎರಡಕ್ಕೂ ಮೊಲವೆಂದೆವು. ನಿಘಂಟು ನೆಚ್ಚಿದ ನನ್ನಂಥ ಪಂಡಿತನು ಎಡವಿದ್ದು ಅಲ್ಲಿಯೇ.

ಒಂದು ವಾರ ಕಳೆದಿರಲಿಲ್ಲ, ಆ ಹುಡುಗ ಹೊಲದಲ್ಲಿ ಸಿಕ್ಕ ಎರಡು ಮರಿಗಳನ್ನು ಟವಲಿನಲ್ಲಿ ಸುತ್ತಿಕೊಂಡು ಬಂದ. "ತಾಯಿ ಬಿಟ್ಟೋಗದೆ ಸಾರ್" ಎಂದ. ಬಿಟ್ಟಿರಲಿಲ್ಲ. ತಾಯಿಮೊಲ ಹಗಲೆಲ್ಲ ಮರಿಗಳಿಂದ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಕಾಡುಮೊಲವನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧವೂ ಹೌದು. ಇವೆರಡೂ ನನಗೆ ಆಗ ತಿಳಿಯದು. ಹಸುವಿನ ಹಾಲು ಹಾಕು ಎಂದು ಹೇಳಿ ಕಳುಹಿಸಿದೆ. ಮೂರನೆಯ ದಿನ ಹುಡುಗ ಬರಿಯ ಟವಲನ್ನು ಹೆಗಲಿಗೆ ಹಾಕಿಕೊಂಡು ಬಂದು, ಏನೂ ಹೇಳದೆ ಹಿಂದಿನ ಬೆಂಚಿನಲ್ಲಿ ಕುಳಿತ.