ಪುಟ್ಟಿ ಮತ್ತು ಆಯಸ್ಕಾಂತ

1947ರ ಏಪ್ರಿಲ್‌ನಲ್ಲಿ ಬೆನ್ ಪೊನ್ ಎಂಬ ಡಚ್ ವ್ಯಾಪಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಚಕ್ರದ ಮೇಲೆ ಕೂತ ಒಂದು ಪೆಟ್ಟಿಗೆಯನ್ನು ಗೀಚಿದ. ಮೂರು ವರ್ಷದ ಮೇಲೆ, 1950ರ ಮಾರ್ಚಿನಲ್ಲಿ, ಅದು ಫೋಕ್ಸ್‌ವ್ಯಾಗನ್ ವ್ಯಾನ್ ಆಗಿ ತಯಾರಾಗತೊಡಗಿತು. ಮರುವರ್ಷ ವೆಸ್ಟ್‌ಫಾಲಿಯಾ ಎಂಬ ಜರ್ಮನ್ ಕಂಪನಿ ಅದರೊಳಗೆ ಹಾಸಿಗೆ, ಕಪಾಟು ಕೂರಿಸಿತು. ವಾರವೆಲ್ಲ ಸರಕು ಹೊತ್ತ ಗಾಡಿ ರಜೆಯಲ್ಲಿ ಮನೆಯಾಯಿತು.

ಇದರ ಚರಿತ್ರೆ ಬರೆಯುವವರು ಇಲ್ಲಿಂದ ಒಂದೇ ಜಿಗಿತಕ್ಕೆ ಹಿಪ್ಪಿಗಳ ಬಳಿಗೆ ಹೋಗುತ್ತಾರೆ. ನನಗೆ ಕುತೂಹಲ ಇರುವುದು ಅವರ ಬಗ್ಗೆ ಅಲ್ಲ, ಅವರು ಇಳಿದ ಮೇಲೆ ಆ ವ್ಯಾನನ್ನು ಕೊಂಡವರ ಬಗ್ಗೆ. ಲಂಡನ್ನಿನಲ್ಲಿ ಇಂಥ ವ್ಯಾನುಗಳಿಗೆ ಬೀದಿ ಸಂತೆಯೇ ಇತ್ತು. ಮೊದಲು ಸ್ಟ್ರ್ಯಾಂಡ್‌ನ ಆಸ್ಟ್ರೇಲಿಯಾ ಹೌಸ್ ಸುತ್ತ, ಆಮೇಲೆ ಕ್ಯಾಲಿಡೋನಿಯನ್ ರಸ್ತೆ ಪಕ್ಕದ ಮಾರ್ಕೆಟ್ ರೋಡಿನಲ್ಲಿ. ಯುರೋಪು ಸುತ್ತಿ ಬಂದ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹುಡುಗರು ಊರಿಗೆ ಹೊರಡುವ ಮೊದಲು ಗಾಡಿ ಮಾರಬೇಕು. ಆಗಷ್ಟೇ ಬಂದಿಳಿದವರು ಕೊಳ್ಳಬೇಕು. ಇಬ್ಬರಿಗೂ ಅವಸರ. ಇಂಥ ಕಡೆ ಮಾತಿನ ಚರಿತ್ರೆಯನ್ನು ನಂಬುವ ಹಾಗಿಲ್ಲ, ಲೋಹವನ್ನೇ ಕೇಳಬೇಕು.

ಹೀಗೆ ಕೇಳುವುದನ್ನು ಸಾಮಾನ್ಯರಿಗೆ ಕಲಿಸಿದವರಲ್ಲಿ ಜಾನ್ ಮ್ಯೂರ್ ಮುಖ್ಯ. ಎಂಜಿನಿಯರ್ ಕೆಲಸ ಬಿಟ್ಟು ನ್ಯೂ ಮೆಕ್ಸಿಕೊದಲ್ಲಿ ನೆಲೆಸಿದ್ದ ಅವನು 1969ರಲ್ಲಿ ಫೋಕ್ಸ್‌ವ್ಯಾಗನ್ ರಿಪೇರಿಯ ಕೈಪಿಡಿ ತಂದ. ಹಳೆಯ ಗಾಡಿ ಕೊಳ್ಳುವುದಕ್ಕೇ ಅದರಲ್ಲೊಂದು ಅಧ್ಯಾಯವಿದೆ.

ಈ ವ್ಯಾನಿಗೆ ಲಾರಿಯಂತೆ ಬೇರೆ ಛಾಸಿ ಇಲ್ಲ, ಮೈಯೇ ಮೂಳೆ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರೆ ಕೆಡುವುದು ಬರಿಯ ಅಂದವಲ್ಲ, ಗಾಡಿಯ ನಡುವೇ ಕುಸಿಯುತ್ತದೆ. ಆದ್ದರಿಂದ ಮೊದಲು ನೆಲಕ್ಕೆ ಬೆನ್ನು ಕೊಟ್ಟು ಮಲಗಬೇಕು. ಜಾಕ್ ಕೊಡುವ ಜಾಗಗಳನ್ನು, ಮುಂದಿನ ಚಕ್ರದ ಹಿಂಭಾಗವನ್ನು ಟಾರ್ಚು ಬಿಟ್ಟು ನೋಡಬೇಕು. ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂತ ತಟ್ಟೆಯನ್ನು ಆಸಿಡ್ಡು ತಿಂದಿರುತ್ತದೆ. ಚಾವಣಿ ಕತ್ತರಿಸಿ ಮೇಲೇಳುವ ಟಾಪ್ ಹಾಕಿದ್ದರೆ ಆ ಅಂಚಿನಲ್ಲಿ ನೀರು ನಿಂತಿರಬಹುದು. ಕ್ಯಾನ್‌ವಾಸ್ ಮೂಸಿದರೆ ಗೊತ್ತಾಗುತ್ತದೆ. ಅಡಿಭಾಗಕ್ಕೆ ಮೊನ್ನೆಯಷ್ಟೇ ಕಪ್ಪು ಬಳಿದಿದ್ದರೆ ನನಗೆ ಅನುಮಾನ ಹೆಚ್ಚು. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮೈಮೇಲೆ ಆಡಿಸಿ: ಅದು ಹಿಡಿಯದ ಕಡೆ ಬಣ್ಣದಡಿ ಇರುವುದು ತಗಡಲ್ಲ, ಪುಟ್ಟಿ.

ಎಂಜಿನ್ ಆರಿಸಿ, 1600 ಸಿಸಿಯದಾದರೆ ಕೆಳಗಿನ ಪುಲ್ಲಿಯನ್ನು ಹಿಡಿದು ಜಗ್ಗಿ ನೂಕಿ. ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿ ‘ಟಕ್’ ಎಂದರೆ ಬೇರಿಂಗ್ ಸವೆದಿದೆ. ಪೆಟ್ರೋಲಿನ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಮಾತ್ರ ಓಡಿಸಿ ನೋಡಲೂ ಒಪ್ಪಬೇಡಿ. ಎಂಜಿನ್ನಿನ ಕೇಸು ಮೆಗ್ನೀಸಿಯಂ ಬೆರೆತ ಲೋಹ. ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ, ಮಲಗುವ ಹಾಸಿಗೆ ಇರುವುದೋ ಅದರ ನೆತ್ತಿಯ ಮೇಲೆ.

ಇಂಗ್ಲೆಂಡಿನಲ್ಲಿ ಗೆಳೆಯನೊಬ್ಬನ ಜೊತೆ ಇಂಥದ್ದೊಂದು ವ್ಯಾನ್ ನೋಡಲು ಹೋಗಿದ್ದೆ. 1969ರದು, ಒಬ್ಬನೇ ಮಾಲೀಕ, ಅಪಘಾತವೇ ಆಗಿಲ್ಲ ಎಂದರು ಮಾರುವವರು. ಸೀಟಿನ ಹಿಂದಿನ ಸಣ್ಣ ತಗಡಿನ ಸಂಖ್ಯೆಗಳೂ 1969 ಎಂದೇ ಹೇಳುತ್ತಿದ್ದವು. ಆದರೆ ಮುಂಭಾಗದ ಇಂಡಿಕೇಟರ್‌ಗಳು ಮೇಲೆ, ಗಾಳಿಯ ಜಾಲರಿಯ ಅಕ್ಕಪಕ್ಕ ಇದ್ದವು. ಆ ವರ್ಷದ ವ್ಯಾನಿನಲ್ಲಿ ಅವು ಕೆಳಗೆ, ಬಂಪರಿನ ಹತ್ತಿರ ಇರಬೇಕು. ಮೇಲಕ್ಕೆ ಹೋದದ್ದು 1972ರ ಬದಲಾವಣೆಯಲ್ಲಿ. ಅಂದರೆ ಮೂತಿ ಬೇರೆ ಗಾಡಿಯದು, ಇಲ್ಲವೆ ತಗಡು ಬೇರೆ ಗಾಡಿಯದು.

ಇತಿಹಾಸ ಓದಿದವರಿಗೆ ಇದು ಹೊಸ ಕೆಲಸವೇನಲ್ಲ. ಗಂಗರ ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದ್ದು, ರೈಸ್ ಒಪ್ಪದೆ ಜಗಳಕ್ಕೆ ನಿಂತದ್ದು ನೆನಪಿರಬಹುದು. ಶಾಸನ ಹೇಳುವ ಕಾಲ ಒಂದು, ಲಿಪಿ ಹೇಳುವ ಕಾಲ ಇನ್ನೊಂದು. ಭೂಮಿಯ ಹಕ್ಕು ಸಿಗುತ್ತದೆಂದರೆ ತಾಮ್ರಪಟ ಹುಟ್ಟುತ್ತದೆ. ಬೆಲೆ ಬರುತ್ತದೆಂದರೆ ವ್ಯಾನಿಗೂ ವಂಶಾವಳಿ ಹುಟ್ಟುತ್ತದೆ. ಸಾಂಬಾ ಎಂಬ ಹೆಚ್ಚು ಕಿಟಕಿಗಳ ಹಳೆಯ ಮಾದರಿಯ ಒಂದು ವ್ಯಾನ್ 2011ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಲಕ್ಷ ಡಾಲರ್ ದಾಟಿತು. ಸಾಧಾರಣ ವ್ಯಾನಿನ ಚಾವಣಿ ಕೊಯ್ದು ಕಿಟಕಿ ಕೂರಿಸಿ ಸಾಂಬಾ ಮಾಡುವವರೂ ಇದ್ದಾರೆ.

ಮೂತಿ ಬದಲಾಗಿದ್ದರೂ ಗಾಡಿ ಚೆನ್ನಾಗಿರಬಹುದು, ಅದನ್ನು ಒಪ್ಪುತ್ತೇನೆ. ಅರವತ್ತು ವರ್ಷ ಓಡಿದ್ದಕ್ಕೆ ತೇಪೆ ಇಲ್ಲದಿರುತ್ತದೆಯೇ? ತೇಪೆಯನ್ನು ತೋರಿಸಿ, ಬಿಲ್ಲು ಕೊಟ್ಟು ಮಾರುವವರ ವ್ಯಾನೇ ನನಗೆ ಹೆಚ್ಚು ಬೆಲೆಯದು. ಅವತ್ತು ಗೆಳೆಯ ಇಂಡಿಕೇಟರ್ ಬಗ್ಗೆ ಕೇಳಿದ. ಮಾರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂಜಿನ್ ಶುರು ಮಾಡಿ ತೋರಿಸುತ್ತೇನೆ ಎಂದರು. ಅವನು ಹಿಂದಿನ ಮುಚ್ಚಳ ತೆಗೆದು ಎಂಜಿನ್ನಿನ ಮೇಲೆ ಅಂಗೈ ಇಟ್ಟ. ನಾವು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದರು.